ಕುಸುಬೆಯ ಹೂವು: ಬಣ್ಣದ ಬಾನಿಯಿಂದ ಅಡಿಗೆಯ ಮನೆಗೆ

ಹೊಟ್ಟೆಪಾಡಿಗಾಗಿ ಉತ್ತರ ಕರ್ನಾಟಕವನ್ನು ಬಿಟ್ಟು ಈ ಪುಣೆಯಲ್ಲಿ ನೆಲೆಸಿರುವ ನಮ್ಮಲ್ಲಿ ಅನೇಕರಿಗೆ ಕುಸುಬೆ ಎಂದೊಡನೆ ನೆನಪಾಗುವುದು ಎಣ್ಣೆ. ಜೋಳದ ರೊಟ್ಟಿ, ಅದರ ಮಗ್ಗುಲಿಗೆ ಶೇಂಗಾ ಹಿಂಡಿ, ಅದರ ಮೇಲೆ ಗಾಣದಿಂದ ತಂದ ಹಸಿ ಕುಸುಬಿ ಎಣ್ಣೆಯ ಒಂದು ಧಾರೆ. ಇಷ್ಟಿದ್ದರೆ ಊಟಕ್ಕೆ ಬೇರೆ ಶಿಫಾರಸು ಬೇಕಾಗಿರಲಿಲ್ಲ. ಇಲ್ಲಿಯ ಕಿರಾಣಿ ಅಂಗಡಿಯಲ್ಲಿ 'ಕರಡೈ' ಎಂದು ಕೇಳಿದರೆ ಕೈಗೆ ಬರುವುದೂ ಆ ಎಣ್ಣೆಯೇ. ಆದರೆ ದೂರದ ಪೇಟೆಗಳಲ್ಲಿ ಈ ಗಿಡಕ್ಕೆ ಸಾವಿರಾರು ವರ್ಷಗಳ ಕಾಲ ಹಣ ಬಂದದ್ದು ಎಣ್ಣೆಯಿಂದಲ್ಲ, ಹೂವಿನಿಂದ. ಇಂದು ಬೀಜಕ್ಕೆ ಬೆಲೆಯುಂಟು, ಹೂವು ಹೊಲದಲ್ಲಿಯೇ ಬಾಡಿ ಉದುರಿಹೋಗುತ್ತದೆ. ಈ ಲೆಕ್ಕ ಹೀಗೆ ತಲೆಕೆಳಗಾದದ್ದು ಹೇಗೆ, ಆ ಹೂವಿಗೆ ನಮ್ಮ ಅಡಿಗೆಯ ಮನೆಯಲ್ಲಿ ಒಂದು ಜಾಗ ಉಂಟೋ ಇಲ್ಲವೋ ಎಂಬುದನ್ನು ವಾಚಕರ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಮೊದಲು ಹೆಸರುಗಳನ್ನೇ ನೋಡೋಣ. ಸಂಸ್ಕೃತದ 'ಕುಸುಂಭ' ನಮ್ಮಲ್ಲಿ ಕುಸುಬೆ, ಕುಸುಬಿ ಎಂದಾಯಿತು. ತೆಲುಗರು ಕುಸುಮ ಎನ್ನುತ್ತಾರೆ. ಅಮರಕೋಶವು ಇದಕ್ಕೆ ವಹ್ನಿಶಿಖ, ಮಹಾರಜನ ಎಂಬ ಪರ್ಯಾಯಪದಗಳನ್ನು ಕೊಡುತ್ತದೆ. ಒಂದು ಬೆಂಕಿಯ ನಾಲಗೆ, ಇನ್ನೊಂದು ದೊಡ್ಡ ಬಣ್ಣ. ಅರಬರು 'ಉಸ್ಫುರ್' ಎಂದರು. ಆ ಮಾತು ಯುರೋಪಿನ ಬಾಯಿಗಳಲ್ಲಿ ಹೊರಳಿ ಹೊರಳಿ ಇಂಗ್ಲಿಷರಲ್ಲಿ 'ಸ್ಯಾಫ್ಲವರ್' ಎಂದು ನಿಂತಿತು. 1753ರಲ್ಲಿ ಲಿನೀಯಸನು ಈ ಗಿಡಕ್ಕೆ ಇಟ್ಟ ಶಾಸ್ತ್ರೀಯ ನಾಮಧೇಯ 'ಕಾರ್ಥಮಸ್ ಟಿಂಕ್ಟೋರಿಯಸ್'. ಎರಡನೆಯ ಪದಕ್ಕೆ ಬಣ್ಣಗಾರರಿಗೆ ಸಂಬಂಧಿಸಿದ್ದು ಎಂದು ಅರ್ಥ. ಇಷ್ಟು ಹೆಸರುಗಳಲ್ಲಿ ಎಣ್ಣೆಯ ಸುಳಿವು ಒಂದರಲ್ಲಿಯೂ ಇಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಕುಸುಬೆಯ ತವರು ಪಶ್ಚಿಮ ಏಷ್ಯ. ಈಜಿಪ್ತಿನಲ್ಲಿ ಹನ್ನೆರಡನೆಯ ರಾಜವಂಶದ ಕಾಲದ, ಎಂದರೆ ಸುಮಾರು ನಾಲ್ಕು ಸಾವಿರ ವರ್ಷ ಹಿಂದಿನ ಬಟ್ಟೆಗಳಲ್ಲಿ ಈ ಹೂವಿನ ಬಣ್ಣವನ್ನು ರಸಾಯನಶಾಸ್ತ್ರಜ್ಞರು ಗುರುತಿಸಿದ್ದಾರೆ. 1922ರಲ್ಲಿ ತೆರೆದ ತೂತನ್‌ಖಾಮನ್ ದೊರೆಯ ಸಮಾಧಿಯಲ್ಲಿ ಕುಸುಬೆಯ ಹೂಮಾಲೆಗಳೇ ದೊರೆತವು. ನಮ್ಮ ದೇಶದಲ್ಲಿಯೂ ಇದು ಹಳೆಯ ನಂಟು. ಕಾಳಿದಾಸನದೆಂದು ಹೇಳುವ 'ಋತುಸಂಹಾರ'ದ ವಸಂತ ವರ್ಣನೆಯಲ್ಲಿ ಹೆಂಗಸರು ಉಟ್ಟ ಬಟ್ಟೆ ಕುಸುಂಭದ ಬಣ್ಣದ್ದು. ಪೂರ್ವದಲ್ಲಿ ಇದು ಚೀನಕ್ಕೂ ಜಪಾನಿಗೂ ಹೋಯಿತು. ಜಪಾನಿನ ಯಮಗಾತ ಸೀಮೆಯ ಹೂವಿನಿಂದ ತೆಗೆದ ಕೆಂಪು, ಅಲ್ಲಿಯ ಹೆಂಗಸರ ತುಟಿಗೆ ಹಚ್ಚುವ ಬಣ್ಣವಾಗಿ ಬಹಳ ದುಬಾರಿ ಬೆಲೆಗೆ ಹೋಗುತ್ತಿತ್ತು.

ಇಲ್ಲಿ ಒಂದು ಸಂಗತಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮುಂದಿನ ಕಥೆಯೆಲ್ಲ ಇದರ ಮೇಲೆ ನಿಂತಿದೆ. ಕುಸುಬೆಯ ಒಂದೇ ಎಸಳಿನಲ್ಲಿ ಎರಡು ಬಣ್ಣಗಳುಂಟು, ಹಳದಿ ಮತ್ತು ಕೆಂಪು. (ನಮ್ಮ ನಾಡಿನ ಬಾವುಟದ ಬಣ್ಣಗಳೂ ಇವೇ ಅಲ್ಲವೇ ಎಂದು ಈ ಸಂಚಿಕೆಯ ವಾಚಕರಿಗೆ ತೋಚದಿರದು. ಬಾವುಟದ್ದು ಅರಿಸಿನ ಕುಂಕುಮ, ಹೂವಿನದು ಪ್ರಕೃತಿಯ ಏರ್ಪಾಡು; ಎರಡಕ್ಕೂ ಸಂಬಂಧ ಕಟ್ಟಲು ನಾನು ಹೋಗುವುದಿಲ್ಲ.) ಹಳದಿಯು ಬರಿಯ ನೀರಿನಲ್ಲಿ ಕರಗುತ್ತದೆ. ಎಸಳಿನ ತೂಕದಲ್ಲಿ ಕಾಲು ಪಾಲಿನಷ್ಟು ಅದೇ. ಕೆಂಪು ನೂರಕ್ಕೆ ಒಂದು ಪಾಲೂ ಇಲ್ಲ, ಮತ್ತು ಅದು ನೀರಿಗೆ ಜಪ್ಪಯ್ಯ ಎಂದರೂ ಬಿಡುವುದಿಲ್ಲ, ಕ್ಷಾರ ಬೇಕು. ಬಣ್ಣಗಾರನಿಗೆ ಬೇಕಾದುದು ಆ ಒಂದು ಪಾಲಿನ ಕೆಂಪು. ಆದುದರಿಂದ ಅವನು ಹೂವನ್ನು ಹರಿಯುವ ನೀರಿನಲ್ಲಿಟ್ಟು, ಕಾಲಿನಿಂದ ತುಳಿದು, ಹಳದಿಯ ಕೊನೆಯ ತೊಟ್ಟು ಹೋಗುವವರೆಗೆ ತೊಳೆಯುತ್ತಿದ್ದನು. ಉಳಿದ ಹೂವನ್ನು ಬೂದಿಯ ನೀರಿನಲ್ಲಿ ನೆನೆಯಿಸಿ, ಬಟ್ಟೆಯನ್ನು ಅದರಲ್ಲಿ ಅದ್ದಿ, ನಿಂಬೆಯಂತಹ ಹುಳಿಯ ರಸ ಸೇರಿಸಿದಾಗ ಕೆಂಪು ಎಳೆಗೆ ಕೂಡುತ್ತಿತ್ತು. ಹೀಗೆ ಸಾವಿರಾರು ವರ್ಷ, ಹೂವಿನ ಹೆಚ್ಚಿನ ಪಾಲು ಹಳ್ಳಕ್ಕೆ ಹರಿದುಹೋಯಿತು. ಅಡಿಗೆಯವರಿಗೆ ಬೇಕಾದದ್ದೋ ಆ ಹಳ್ಳದ ಪಾಲು!

ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಢಾಕಾ ಸೀಮೆಯ ಕುಸುಬೆ ಹೂವಿಗೆ ಲಂಡನ್ನಿನ ಪೇಟೆಯಲ್ಲಿ ಒಳ್ಳೆಯ ಹೆಸರಿತ್ತು. ಹಳದಿಯನ್ನು ತೊಳೆದು ತೆಗೆದ ಮೇಲೆ ಹೂವನ್ನು ಚಪ್ಪಟೆ ಬಿಲ್ಲೆಗಳಾಗಿ ತಟ್ಟಿ ಒಣಗಿಸಿ ಹಡಗಿಗೆ ಏರಿಸುತ್ತಿದ್ದರು. ಇಂಗ್ಲೆಂಡಿನ ಸರಕಾರಿ ಕಾಗದಪತ್ರಗಳನ್ನು ಕಟ್ಟುತ್ತಿದ್ದ ಕೆಂಪು ನೂಲಿನ ಪಟ್ಟಿಗೆ ಇದೇ ಬಣ್ಣ. ಇಂದಿಗೂ ಅರ್ಜಿಯೊಂದು ಮೇಜಿನಿಂದ ಮೇಜಿಗೆ ಅಲೆಯುವಾಗ ಜನ ಬೈಯುವ 'ರೆಡ್ ಟೇಪಿ'ನಲ್ಲಿ ನಮ್ಮ ಕುಸುಬೆಯ ಪಾಲೂ ಇತ್ತೆಂದರೆ, ನಮ್ಮಂಥ ಕಾರಕೂನರಿಗೆ ಅದು ಅಭಿಮಾನದ ವಿಷಯವೋ ನಾಚಿಕೆಯದೋ ಹೇಳಬರುವುದಿಲ್ಲ.

ಈ ವ್ಯಾಪಾರ ಕುಸಿಯಲು ಕಾರಣ ಬರವಲ್ಲ, ಯುದ್ಧವೂ ಅಲ್ಲ. 1856ರಲ್ಲಿ ಲಂಡನ್ನಿನಲ್ಲಿ ಹದಿನೆಂಟು ವರ್ಷದ ವಿಲಿಯಂ ಪರ್ಕಿನ್ ಎಂಬ ವಿದ್ಯಾರ್ಥಿ, ಮಲೇರಿಯದ ಔಷಧಿಯಾದ ಕ್ವಿನೈನನ್ನು ಕೃತಕವಾಗಿ ಮಾಡಲು ಹೋಗಿ, ಕಲ್ಲಿದ್ದಲ ಡಾಂಬರಿನಿಂದ ಬಂದ ವಸ್ತುವಿನಲ್ಲಿ ನೇರಿಳೆ ಬಣ್ಣವೊಂದನ್ನು ಪಡೆದನು. ಅದರ ಹಿಂದೆಯೇ ಕಾರಖಾನೆಯ ಕೆಂಪುಗಳೂ ಬಂದವು. ಕುಸುಬೆಯ ಕೆಂಪು ನೋಟಕ್ಕೆ ಸೊಗಸಾದರೂ ಬಿಸಿಲಿಗೂ ಸಾಬೂನಿಗೂ ತಾಳುತ್ತಿರಲಿಲ್ಲ. ವರ್ಷ ವರ್ಷ ಮತ್ತೆ ಅದ್ದಿಸಬೇಕಾಗಿತ್ತು. ಅಗ್ಗವಾಗಿಯೂ ಗಟ್ಟಿಯಾಗಿಯೂ ಇರುವ ಬಣ್ಣ ಪೊಟ್ಟಣದಲ್ಲಿ ಸಿಕ್ಕುವಾಗ ಹೂವನ್ನು ಯಾರು ಕೀಳುವರು? ಒಂದೆರಡು ತಲೆಮಾರಿನಲ್ಲಿ ಬಣ್ಣದ ಬೆಳೆ ಎಣ್ಣೆಯ ಬೆಳೆಯಾಯಿತು.

ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ. 1884ರಲ್ಲಿ ಟಾರ್ಟ್ರಜೀನ್ ಎಂಬ ಹಳದಿಯೂ ಆ ಡಾಂಬರಿನ ವಂಶದಲ್ಲಿಯೇ ಹುಟ್ಟಿತು. ಬಾನಿಯಿಂದ ಹೂವನ್ನು ಹೊರಗಟ್ಟಿದ ಮನೆತನವೇ ಮುಂದೆ ಒಲೆಯ ಬಳಿಗೂ ಬಂದು ಕುಳಿತಿತು. ಇಂದು ಹೋಟೆಲಿನ ಕೇಸರಿಭಾತಿನಲ್ಲಿ, ಮಿಠಾಯಿ ಅಂಗಡಿಯ ಜಿಲೇಬಿಯಲ್ಲಿ ಹೊಳೆಯುವುದು ಹೆಚ್ಚಾಗಿ ಇಂಥ ಪುಡಿಯ ಬಣ್ಣವೇ. ಹೆಸರು ಮಾತ್ರ ಕೇಸರಿಯದು.

ಕೇಸರಿಯ ಮಾತು ಬಂದುದರಿಂದ ಕುಸುಬೆಯ ಮೇಲಿರುವ ಒಂದು ಕಳಂಕವನ್ನೂ ಮುಚ್ಚದೆ ಹೇಳಬೇಕು. ಒಂದು ಗ್ರಾಂ ಕೇಸರಿಗೆ ಸುಮಾರು 150 ಹೂವು ಬೇಕು. ಪ್ರತಿ ಹೂವಿನಿಂದ ಮೂರೇ ಎಳೆ. ಇಷ್ಟು ದುಬಾರಿಯಾದ ಸರಕಿಗೆ ಅಗ್ಗದ ಕುಸುಬೆಯನ್ನು ಬೆರಸುವ ಮೋಸ ಬಹಳ ಹಳೆಯದು. ಜರ್ಮನಿಯ ನ್ಯೂರೆಂಬರ್ಗ್ ಪಟ್ಟಣದಲ್ಲಿ ಕೇಸರಿಯನ್ನು ಪರೀಕ್ಷಿಸುವುದಕ್ಕೆಂದೇ ಅಧಿಕಾರಿಗಳಿದ್ದರು. 1444ರಲ್ಲಿ ಅಲ್ಲಿ ಕಲಬೆರಕೆಯ ವ್ಯಾಪಾರಿಯೊಬ್ಬನನ್ನು ಅವನ ಸರಕಿನೊಡನೆಯೇ ಸುಟ್ಟುಹಾಕಿದರು. ಖೋಟಾ ನೋಟನ್ನು ಬೆಳಕಿಗೆ ಹಿಡಿದು ನೋಡುವುದು ನಮಗೆ ನಿತ್ಯದ ಕೆಲಸ. ಇಲ್ಲಿಯೂ ಪರೀಕ್ಷೆ ಅಷ್ಟೇ ಸುಲಭ. ಕೇಸರಿಯ ಎಳೆ ಒಂದು ತುದಿಯಲ್ಲಿ ಕಹಳೆಯಂತೆ ಅಗಲವಾಗಿರುತ್ತದೆ. ಕುಸುಬೆಯದನ್ನು ನೀರಿನಲ್ಲಿ ಬಿಡಿಸಿದರೆ ಸಣ್ಣ ಕೊಳವೆ, ಅದರ ತುದಿಗೆ ಐದು ಸೀಳು ಕಾಣುತ್ತವೆ. ಕುಸುಬೆ ನೀರಿಗೆ ಬಿದ್ದೊಡನೆ ಬಣ್ಣ ಬಿಡುತ್ತದೆ, ಪರಿಮಳ ಕೊಡುವುದಿಲ್ಲ. ಕೇಸರಿ ಬಣ್ಣ ಬಿಡಲು ತಡಮಾಡುತ್ತದೆ, ಪರಿಮಳವನ್ನು ಮೊದಲೇ ಕೊಡುತ್ತದೆ. ಅಪರಾಧ ಹೂವಿನದಲ್ಲ, ಚೀಟಿ ಅಂಟಿಸಿದವನದು ಎಂದು ನನ್ನ ತೀರ್ಪು.

ತನ್ನ ಹೆಸರಿನಲ್ಲಿಯೇ ಮಾನವಾಗಿ ಬದುಕಿದ ಕುಸುಬೆಯೂ ಉಂಟು. ಫಿಲಿಪೀನ್ಸ್ ದ್ವೀಪಗಳಲ್ಲಿ ಶುಂಠಿ ಹಾಕಿ ಬೇಯಿಸುವ ಅಕ್ಕಿಯ ಗಂಜಿಯೊಂದಕ್ಕೆ ಹಳದಿ ಬರಲೆಂದು ಈ ಎಸಳುಗಳನ್ನು ಹಾಕುತ್ತಾರೆ. ಅವರು ಅದನ್ನು ಕರೆಯುವ ಹೆಸರು 'ಕಸುಭಾ'! ನಮ್ಮ 'ಕುಸುಂಭ'ವೇ ಮಲಯ ನಾಡಿನ ಹಾದಿಯಾಗಿ ಕಡಲು ದಾಟಿ ಹೋಗಿ, ಅಷ್ಟು ದೂರದಲ್ಲಿಯೂ ಹೆಸರು ಕಳೆದುಕೊಳ್ಳದೆ ಉಳಿದಿದೆ.

ನಮ್ಮ ಕಡೆಯ ಅಡಿಗೆಯಲ್ಲಿ ಎಲೆ, ಬೀಜ, ಎಣ್ಣೆಗಳಿಗಿರುವ ಸ್ಥಾನ ಹೂವಿಗಿಲ್ಲ. ಎಳೆಯ ಎಲೆಯ ಪಲ್ಯ ಎಲ್ಲರಿಗೂ ಗೊತ್ತು. ಬೀಜವನ್ನು ರುಬ್ಬಿ ಹಾಲು ಹಿಂಡಿ ಹುಗ್ಗಿ ಮಾಡುವುದನ್ನು ಹಿರಿಯರು ಬಲ್ಲರು. ಬಿಜಾಪುರ, ಗುಲಬರ್ಗ, ಗದಗ, ಧಾರವಾಡದ ಎರೆಯ ಹೊಲಗಳಲ್ಲಿ ಹಿಂಗಾರಿ ಜೋಳದ ಅಂಚಿಗೆ ಇದನ್ನು ಬಿತ್ತುವ ವಾಡಿಕೆಯಿತ್ತು. ಮುಳ್ಳಿಗೆ ಹೆದರಿ ದನ ಒಳಗೆ ಬಾರದು. 1969ರಲ್ಲಿ ಅಣ್ಣಿಗೇರಿಯ ಸಂಶೋಧನಾ ಕೇಂದ್ರದಿಂದ ಬಂದ ಎ-1 ತಳಿ ದೇಶಕ್ಕೆಲ್ಲ ಹೆಸರಾಯಿತು. ಆದರೆ ಆ ಮುಳ್ಳೇ ಕೊಯ್ಲಿನವರಿಗೆ ಶತ್ರುವೂ ಆಯಿತು. ನೀರಾವರಿ ಬಂದ ಹೊಲಗಳು ಬೇರೆ ಬೆಳೆಗೆ ತಿರುಗಿದವು, ಹೊರದೇಶದ ಅಗ್ಗದ ತಾಳೆ ಎಣ್ಣೆ ಪೇಟೆಯನ್ನು ತುಂಬಿತು. 1980ರ ದಶಕದಲ್ಲಿ ಭಾರತದಲ್ಲಿ ಹಲವು ಲಕ್ಷ ಹೆಕ್ಟೇರು ಇದ್ದ ಕುಸುಬೆ, 2020ರ ಹೊತ್ತಿಗೆ ಒಂದು ಲಕ್ಷದೊಳಗೆ ಇಳಿದಿತ್ತು. ಇದು ಎಣ್ಣೆಯ ಲೆಕ್ಕವಷ್ಟೇ ಅಲ್ಲ. ಇನ್ನೊಂದು ತಲೆಮಾರಿಗೆ ನಮ್ಮ ಮಕ್ಕಳು ಈ ಹೂವನ್ನು ನೋಡಿ ಹೆಸರು ಹೇಳಬಲ್ಲರೇ ಎಂಬುದು ನನ್ನ ಚಿಂತೆ.

ನಮ್ಮ ಪುಣೆಗೆ ಸಮೀಪದ ಫಲ್ಟಣದಲ್ಲಿರುವ ನಿಂಬಕರ ಕೃಷಿ ಸಂಶೋಧನಾ ಸಂಸ್ಥೆಯವರು ಮುಳ್ಳಿಲ್ಲದ ತಳಿಗಳನ್ನು ತಂದಿದ್ದಾರೆ. ನಾರಿ-6 ಎಂಬುದು ಅವುಗಳಲ್ಲಿ ಒಂದು. (ಸಂಸ್ಥೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಆದ ಹೆಸರು ಇದು, ಮುಳ್ಳಿಲ್ಲದ್ದಕ್ಕೆ 'ನಾರಿ' ಎಂದದ್ದು ನಮ್ಮ ಮನೆಯಲ್ಲಿ ಒಪ್ಪಿಗೆಯಾಗಿದೆ.) ಮುಳ್ಳಿಲ್ಲದ್ದರಿಂದ ಎಸಳನ್ನು ಬರಿಗೈಯಿಂದಲೇ ಎಳೆಯಬಹುದು. ಎಸಳು ಹಳದಿಯಿಂದ ಕೆಂಪಿಗೆ ತಿರುಗಿದ ಮೇಲೆ ಕಿತ್ತರೆ ಒಳಗಿನ ಬೀಜಕ್ಕೆ ಬಾಧೆಯಿಲ್ಲ. ಹೂವೂ ಸಿಕ್ಕಿತು, ಕಾಳೂ ಉಳಿಯಿತು.

ನಮ್ಮಲ್ಲಿ ಹೊಲವಿಲ್ಲ, ಗ್ಯಾಲರಿಯುಂಟು. ಅಷ್ಟು ಸಾಕು. ಊರಿನಲ್ಲಿ ಹಸ್ತ, ಚಿತ್ತಿ ಮಳೆಗೆ ಬಿತ್ತುತ್ತಾರೆ. ಇಲ್ಲಿ ರಾಜ್ಯೋತ್ಸವದ ಹೊತ್ತಿಗೆ ಬಿತ್ತಿದರೂ ತಡವಲ್ಲ. ಬಿತ್ತನೆಗೆಂದು ಮಾರುವ ಬೀಜಕ್ಕೆ ಔಷಧಿ ಸವರಿರುವುದುಂಟು, ಎಲೆ ತಿನ್ನುವವರು ಅದನ್ನು ಕೊಳ್ಳಬಾರದು. ಗಿಳಿಗೆ ಹಾಕಲು ಮಾರುವ ಬಿಳಿಯ ಇಡೀ ಕಾಳು ಸಾಕು. ಬೇರು ನೆಟ್ಟಗೆ ಆಳಕ್ಕೆ ಇಳಿಯುವುದರಿಂದ ಕುಂಡ ಒಂದೂವರೆ ಅಡಿ ಆಳವಿರಲಿ, ತಳಕ್ಕೆ ತೂತಿರಲಿ. ಒಂದು ಅಂಗುಲ ಆಳದಲ್ಲಿ ನಾಲ್ಕು ಕಾಳು ಊರಿದರೆ ಒಂದು ವಾರದಲ್ಲಿ ಮೊಳಕೆ ಕಾಣುತ್ತದೆ. ಒಂದು ತಿಂಗಳು ಗಿಡ ನೆಲಕ್ಕಂಟಿ ಎಲೆ ಹರಡಿ ಸುಮ್ಮನಿರುತ್ತದೆ. ಬೆಳೆಯುತ್ತಿಲ್ಲವೆಂದು ಅನುಕಂಪದಿಂದ ನೀರು ಸುರಿಯಬೇಡಿರಿ. ಇದರ ಸಾವು ಹೆಚ್ಚಾಗಿ ನೀರಿನಿಂದಲೇ. ಆಗ ಒಂದು ಗಿಡ ಉಳಿಸಿ ಉಳಿದವನ್ನು ಕಿತ್ತು ಪಲ್ಯಕ್ಕೆ ಬಳಸಬಹುದು. ಎರಡೂವರೆ ಮೂರು ತಿಂಗಳಿಗೆ ಹೂವು. ಹೇನು ಕೂತರೆ ನೀರು ಚಿಮುಕಿಸಿ ತೊಳೆಯಿರಿ. ತಿನ್ನುವ ಹೂವಿಗೆ ಔಷಧಿ ಹೊಡೆಯಬಾರದು.

ಕಿತ್ತ ಎಸಳನ್ನು ನೆರಳಲ್ಲಿ ಒಣಗಿಸಿ ಡಬ್ಬಿಯಲ್ಲಿಟ್ಟರೆ ಬಣ್ಣ ನಿಲ್ಲುತ್ತದೆ. ಒಂದು ದೊಡ್ಡ ಚಿಟಿಕೆಯನ್ನು ಅರ್ಧ ಬಟ್ಟಲು ಬೆಚ್ಚನೆಯ ನೀರಿನಲ್ಲಿ ಕಾಲು ಗಂಟೆ ನೆನೆಯಿಸಿ, ಸೋಸಿ, ಆ ನೀರನ್ನು ಶಿರಾಕ್ಕೆ ಹಾಕಬಹುದು, ಅನ್ನ ಬೇಯುವಾಗಲೂ ಹಾಕಬಹುದು. ಬಣ್ಣಗಾರನು ಹಳ್ಳಕ್ಕೆ ಬಿಟ್ಟ ನೀರು ಇದೇ. ಪರಿಮಳವನ್ನು ನಿರೀಕ್ಷಿಸಬಾರದು, ಅದಕ್ಕೆ ಏಲಕ್ಕಿ ಇದ್ದೇ ಇದೆ. ಬಸುರಿಯರೂ, ರಕ್ತ ಹೆಪ್ಪುಗಟ್ಟದಂತೆ ಔಷಧಿ ತೆಗೆದುಕೊಳ್ಳುವವರೂ ಈ ಹೂವನ್ನು ದೂರವಿಡುವುದು ಒಳ್ಳೆಯದು.

ಒಂದು ಗಿಡದಲ್ಲಿ ಒಂದೆರಡು ಗೊಂಡೆಗಳನ್ನು ಮುಟ್ಟದೆ ಬಿಟ್ಟು, ಗಿಡ ಪೂರ್ಣ ಒಣಗಿದ ಮೇಲೆ ಬಡಿದರೆ ಬಿಳಿಯ ಕಾಳು ಉದುರುತ್ತವೆ. ಮುಂದಿನ ನವೆಂಬರಿಗೆ ನೆರೆಯವರಿಗೂ ಹಂಚುವಷ್ಟು ಆಗುತ್ತದೆ.