ರೋಗಿಗೆ ಹೇಳದ ರೋಗ

ಶಿಕಾಗೊದ ಆಸ್ಪತ್ರೆಯೊಂದರ 219 ವೈದ್ಯರನ್ನು ಪ್ರಶ್ನಿಸಿ ಡೊನಾಲ್ಡ್ ಓಕನ್ ನಡೆಸಿದ ಸಮೀಕ್ಷೆ 1961ರಲ್ಲಿ ಅಚ್ಚಾಯಿತು. ಕ್ಯಾನ್ಸರ್ ಇದೆಯೆಂದು ರೋಗಿಗೆ ಹೇಳುತ್ತೀರಾ ಎಂದರೆ ಶೇ 88ರಷ್ಟು ಮಂದಿ ಸಾಮಾನ್ಯವಾಗಿ ಇಲ್ಲ ಎಂದಿದ್ದರು. ಗಡ್ಡೆ, ಗಂಟು ಎಂದು ಹೇಗೋ ತೇಲಿಸಿಬಿಡುತ್ತಿದ್ದರು. ಕಾರಣ ಕೇಳಿದರೆ ಬಹುತೇಕರು ಕೊಟ್ಟದ್ದು ಅನುಭವದ ಹೆಸರು. ತಮಾಷೆಯೆಂದರೆ, ಹೇಳಿ ನೋಡಿದ ಅನುಭವವಿದ್ದವರು ಅವರಲ್ಲಿ ಕಡಿಮೆ.

ಮುಚ್ಚಿಡುವುದು ನಮ್ಮ ನಾಡಿನದೇ ಗುಣ ಎನ್ನುವವರಿಗೆ ಈ ಲೆಕ್ಕ ಉತ್ತರವಾದೀತು. ಹಾಗೆಂದು ನಮ್ಮಲ್ಲಿ ಇರಲಿಲ್ಲವೆಂದಲ್ಲ. ಸಾವಿನ ಲಕ್ಷಣ ಕಂಡರೂ ವೈದ್ಯ ತಾನಾಗಿ ಬಾಯಿಬಿಡಬಾರದು, ಕೇಳಿದಾಗಲೂ ರೋಗಿಗೋ ಹತ್ತಿರದವರಿಗೋ ಆಘಾತವಾಗುವಂತಿದ್ದರೆ ಹೇಳಬಾರದು ಎನ್ನುತ್ತದೆ ಚರಕಸಂಹಿತೆ. ಮ್ಯಾಂಚೆಸ್ಟರಿನ ವೈದ್ಯ ಥಾಮಸ್ ಪರ್ಸಿವಲ್ 1803ರಲ್ಲಿ ಬರೆದದ್ದೂ ಹೆಚ್ಚುಕಡಿಮೆ ಇದೇ. ಅವನ ಪುಸ್ತಕವನ್ನು ಆಧರಿಸಿ ಅಮೆರಿಕದ ವೈದ್ಯರ ಸಂಘ 1847ರಲ್ಲಿ ಸಂಹಿತೆ ರಚಿಸಿತು: ಅಪಾಯವನ್ನು ಬಂಧುಗಳಿಗೆ ತಿಳಿಸಿ, ತೀರಾ ಅನಿವಾರ್ಯವಾದರೆ ಮಾತ್ರ ರೋಗಿಗೆ. ಅದನ್ನೂ ಸಾಧ್ಯವಾದರೆ ಬೇರೆ ಯಾರಿಂದಲಾದರೂ ಹೇಳಿಸಿ!

1979ರಲ್ಲಿ ಅಚ್ಚಾದ ಸಮೀಕ್ಷೆಗಾಗಿ ಅಮೆರಿಕದ ರಾಚೆಸ್ಟರ್‌ನಲ್ಲಿ ಅದೇ ಪ್ರಶ್ನೆ ಕೇಳಿದಾಗ ಶೇ 97ರಷ್ಟು ವೈದ್ಯರು ಹೇಳುತ್ತೇವೆ ಎಂದರು. ಹದಿನೆಂಟೇ ವರ್ಷದಲ್ಲಿ ಗಾಳಿ ತಿರುಗಿತ್ತು. ಚಿಕಿತ್ಸೆ ಸುಧಾರಿಸಿತ್ತು; ತಿಳಿಸಿ ಒಪ್ಪಿಗೆ ಪಡೆಯಬೇಕೆಂದು ನ್ಯಾಯಾಲಯಗಳೂ ಹೇಳತೊಡಗಿದ್ದವು. ಏನು ರೋಗವೆಂದೇ ಗೊತ್ತಿಲ್ಲದವರು ಕೀಮೊಥೆರಪಿಗೆ ಯಾವುದನ್ನು ನಂಬಿ ಸಹಿ ಹಾಕಬೇಕು?

ಆದರೆ ಹೇಳಲು ಒಪ್ಪಿದವರಿಗೆಲ್ಲ ಹೇಳಲು ಬರುತ್ತಿರಲಿಲ್ಲ. 2000ದಲ್ಲಿ ವಾಲ್ಟರ್ ಬೈಲ್, ರಾಬರ್ಟ್ ಬಕ್‌ಮನ್ ಮತ್ತು ಸಂಗಡಿಗರು ಪ್ರಕಟಿಸಿದ ‘ಸ್ಪೈಕ್ಸ್’ ಎಂಬ ಆರು ಹಂತಗಳ ಕ್ರಮ ಈ ಕೊರತೆಗೆ ಮದ್ದು. ಬಾಗಿಲು ಹಾಕಿ, ಕುಳಿತು ಮಾತಾಡುವುದು ಮೊದಲ ಹೆಜ್ಜೆ. ಆಮೇಲೆ ರೋಗಿಗೆ ಈಗಾಗಲೇ ಏನು ಗೊತ್ತು, ಇನ್ನೆಷ್ಟು ತಿಳಿಯುವ ಮನಸ್ಸಿದೆ ಎಂದು ಕೇಳುವುದು. ಸುದ್ದಿ ಬರುವುದು ಇಷ್ಟಾದ ಮೇಲೆಯೇ.

ಭಾರತದ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿ ಮಾತ್ರ ಜಾಣತನದಿಂದ ನಡುದಾರಿ ಹಿಡಿಯಿತು. ರೋಗದ ಗಂಭೀರತೆಯನ್ನು ಹಿಗ್ಗಿಸಬಾರದು, ಕುಗ್ಗಿಸಲೂಬಾರದು. ರೋಗಿ, ಬಂಧುಗಳು ‘ಅಥವಾ’ ಜವಾಬ್ದಾರಿಯುತ ಸ್ನೇಹಿತರಿಗೆ ಅದು ತಿಳಿದಿರಬೇಕು ಎಂದಿತು. ಆ ‘ಅಥವಾ’ದ ಸಂದಿಯಲ್ಲಿ ಇಡೀ ಕುಟುಂಬ ನುಸುಳುತ್ತದೆ. ಬೆಂಗಳೂರಿನ ಕಿದ್ವಾಯಿ ಎಂದರೆ ಕ್ಯಾನ್ಸರ್ ಆಸ್ಪತ್ರೆ ಎಂದು ಕರ್ನಾಟಕದ ಮೂಲೆಮೂಲೆಗೂ ಗೊತ್ತು. ಅಲ್ಲಿಗೆ ಕರೆತಂದ ಮೇಲೂ ‘ಅಮ್ಮನಿಗೆ ಹೇಳಬೇಡಿ ಡಾಕ್ಟ್ರೇ, ಹುಣ್ಣು ಅಂತ ಹೇಳಿದೀವಿ’ ಎನ್ನುವ ಮಕ್ಕಳಿದ್ದಾರೆ.

ಈ ಗುಟ್ಟಿನ ಬಗ್ಗೆ ಬೆಂಗಳೂರಿನ ನಿಮ್ಹಾನ್ಸ್‌ನ ಮನೋವೈದ್ಯರು 2009ರಲ್ಲಿ ಪ್ರಬಂಧವನ್ನೇ ಬರೆದರು. ಉಪಶಾಮಕ ಚಿಕಿತ್ಸೆಯವರು ಇಂಥ ಮಕ್ಕಳನ್ನು ಗದರುವುದಿಲ್ಲ. ಮುಚ್ಚಿಟ್ಟುಕೊಂಡು ಬದುಕುವುದು ನಿಮಗೆ ಎಷ್ಟು ಕಷ್ಟವಾಗುತ್ತಿದೆ ಎಂದು ಮೊದಲು ಕೇಳುತ್ತಾರೆ. ಬಳಿಕ, ಅಮ್ಮನಿಗೆ ಏನು ಗೊತ್ತಿದೆಯೆಂದು ವಿಚಾರಿಸಲು ಮಕ್ಕಳ ಒಪ್ಪಿಗೆ ಪಡೆಯುತ್ತಾರೆ. ಎಷ್ಟೋ ಸಲ ಅಮ್ಮನಿಗೆ ಎಲ್ಲ ತಿಳಿದೇ ಇರುತ್ತದೆ.