ಕೋಷ್ಟಕ ವಿಭಜನೆ (ರಿಲೇಶನಲ್ ಡೇಟಾಬೇಸ್)

ಕೋಷ್ಟಕ ವಿಭಜನೆ ಎಂಬುದು ರಿಲೇಶನಲ್ ಡೇಟಾಬೇಸ್ ವಿನ್ಯಾಸದಲ್ಲಿ ಒಂದು ದೊಡ್ಡ ಕೋಷ್ಟಕವನ್ನು, ಅದರಲ್ಲಿರುವ ಮಾಹಿತಿ ನಷ್ಟವಾಗದಂತೆ, ಎರಡು ಅಥವಾ ಹೆಚ್ಚು ಚಿಕ್ಕ ಕೋಷ್ಟಕಗಳಾಗಿ ಒಡೆಯುವ ವಿಧಾನ. ಪ್ರತಿಯೊಂದು ಸಂಗತಿಯೂ ಒಂದೇ ಕಡೆ ದಾಖಲಾಗಿರಬೇಕು ಎಂಬುದು ಇದರ ಉದ್ದೇಶ. ನಿಯಮಬದ್ಧವಾಗಿ ಹೀಗೆ ಒಡೆಯುವ ಪ್ರಕ್ರಿಯೆಯನ್ನು ನಾರ್ಮಲೈಸೇಶನ್ ಎಂದೂ, ಅದರ ಹಂತಗಳನ್ನು ನಾರ್ಮಲ್ ಫಾರ್ಮ್‌ಗಳೆಂದೂ ಕರೆಯುತ್ತಾರೆ. ವೇಗಕ್ಕಾಗಿ ಕೋಷ್ಟಕದ ಸಾಲುಗಳನ್ನು ಬೇರೆ ಬೇರೆ ಕಡೆ ಇಡುವ ಪಾರ್ಟಿಶನಿಂಗ್ ಇದಕ್ಕಿಂತ ಭಿನ್ನವಾದುದು.

ಹಿನ್ನೆಲೆ

ರಿಲೇಶನಲ್ ಮಾದರಿಯನ್ನು ಐಬಿಎಂ ಸಂಸ್ಥೆಯಲ್ಲಿದ್ದ ಎಡ್ಗರ್ ಎಫ್. ಕಾಡ್ 1970ರ ಪ್ರಬಂಧವೊಂದರಲ್ಲಿ ಮಂಡಿಸಿದರು. ಎರಡನೆಯ ಮತ್ತು ಮೂರನೆಯ ನಾರ್ಮಲ್ ಫಾರ್ಮ್‌ಗಳನ್ನು ಅವರು 1971ರಲ್ಲಿ ವಿವರಿಸಿದರು. 1974ರಲ್ಲಿ ರೇಮಂಡ್ ಬಾಯ್ಸ್ ಮತ್ತು ಕಾಡ್ ಅವರ ಹೆಸರಿನ ಬಾಯ್ಸ್–ಕಾಡ್ ಫಾರ್ಮ್, 1977ರಲ್ಲಿ ರೊನಾಲ್ಡ್ ಫೇಗಿನ್ ಅವರ ನಾಲ್ಕನೆಯ ಫಾರ್ಮ್ ಬಂದವು.

ಪಹಣಿಯ ಉದಾಹರಣೆ

ಕರ್ನಾಟಕದಲ್ಲಿ ಈ ವಿಷಯಕ್ಕೆ ಹತ್ತಿರದ ಉದಾಹರಣೆ ಪಹಣಿ, ಅಂದರೆ ಆರ್‌ಟಿಸಿ. ಗ್ರಾಮ ಲೆಕ್ಕಿಗರು ಕೈಯಲ್ಲಿ ಬರೆಯುತ್ತಿದ್ದ ಈ ದಾಖಲೆಗಳನ್ನು ರಾಜ್ಯ ಸರ್ಕಾರದ ‘ಭೂಮಿ’ ಯೋಜನೆಯು ಗಣಕೀಕರಿಸಿತು. 2000ದ ದಶಕದ ಆರಂಭದಲ್ಲಿ ಅಂದಿನ 177 ತಾಲ್ಲೂಕುಗಳ ಸುಮಾರು 67 ಲಕ್ಷ ಭೂಮಾಲೀಕರ ಸುಮಾರು 2 ಕೋಟಿ ದಾಖಲೆಗಳು ಗಣಕಯಂತ್ರಕ್ಕೆ ಸೇರಿದವು. ಮುಂದಿನ ವಿವರಣೆಯು ಪಹಣಿಯ ನಮೂನೆಯನ್ನು ಮಾತ್ರ ಆಧರಿಸಿದೆ. ‘ಭೂಮಿ’ ತಂತ್ರಾಂಶದ ಒಳರಚನೆಯ ವರ್ಣನೆಯಲ್ಲ. ಸರ್ವೆ ನಂಬರುಗಳು ಕಾಲ್ಪನಿಕ.

ಪಹಣಿಯ ಒಂದೇ ಹಾಳೆಯಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು, ಹಿಸ್ಸಾ, ವಿಸ್ತೀರ್ಣ, ಮಣ್ಣಿನ ನಮೂನೆ ಮತ್ತು ಕಂದಾಯ ಇರುತ್ತವೆ. ಕಾಲಂ 9ರಲ್ಲಿ ಸ್ವಾಧೀನದಾರರ ಹೆಸರು, 10ರಲ್ಲಿ ಜಮೀನು ಬಂದ ರೀತಿ, 11ರಲ್ಲಿ ಇತರ ಹಕ್ಕುಗಳು ಮತ್ತು ಋಣಗಳು, 12ರಲ್ಲಿ ಸಾಗುವಳಿ ಹಾಗೂ ಬೆಳೆಯ ವಿವರ ಬರುತ್ತವೆ. ಓದುವವರಿಗೆ ಇದು ಅನುಕೂಲ. ಆದರೆ ಇದೇ ಹಾಳೆಯನ್ನು ಹಾಗೆಯೇ ಒಂದು ಕೋಷ್ಟಕವಾಗಿ ಮಾಡಿದರೆ ತೊಂದರೆಗಳು ಆರಂಭವಾಗುತ್ತವೆ.

ಜಂಟಿ ಖಾತೆಯಲ್ಲಿ ಅಣ್ಣತಮ್ಮಂದಿರ ಹೆಸರುಗಳನ್ನು ಕಾಲಂ 9ರ ಒಂದೇ ಮನೆಯೊಳಗೆ ಒಂದರ ಕೆಳಗೊಂದು ಬರೆಯುವುದು ರೂಢಿ. ಒಂದು ಮನೆಯಲ್ಲಿ ಒಂದೇ ಮೌಲ್ಯವಿರಬೇಕೆನ್ನುವುದು ಮೊದಲನೆಯ ನಾರ್ಮಲ್ ಫಾರ್ಮ್‌ನ ನಿಯಮ. ಆದ್ದರಿಂದ ಪ್ರತಿ ಹಕ್ಕುದಾರನಿಗೂ ಪ್ರತ್ಯೇಕ ಸಾಲು ಬೇಕಾಗುತ್ತದೆ. ಆಗ ಸಾಲನ್ನು ಗುರುತಿಸುವ ಕೀಲಿಯು ಗ್ರಾಮ, ಸರ್ವೆ ನಂಬರು, ಹಿಸ್ಸಾ ಮತ್ತು ಹಕ್ಕುದಾರ ಎಂಬ ನಾಲ್ಕು ಕಾಲಂಗಳ ಜೋಡಣೆಯಾಗುತ್ತದೆ. ಮಣ್ಣಿನ ನಮೂನೆಯಾಗಲಿ ಕಂದಾಯವಾಗಲಿ ಹಕ್ಕುದಾರನನ್ನು ಅವಲಂಬಿಸಿಲ್ಲ. ಅವು ಜಮೀನಿನ ಗುಣಗಳು. ಮೂವರು ಹಕ್ಕುದಾರರಿದ್ದರೆ ಕಂದಾಯದ ಅಂಕಿ ಮೂರು ಸಲ ಬರೆಯಲ್ಪಡುತ್ತದೆ, ಅವುಗಳಲ್ಲಿ ಒಂದು ತಪ್ಪಿದರೆ ಯಾವುದು ಸರಿ ಎಂದು ಕೋಷ್ಟಕ ಹೇಳಲಾರದು. ಜಮೀನಿನ ಕೋಷ್ಟಕವನ್ನೂ ಹಕ್ಕಿನ ಕೋಷ್ಟಕವನ್ನೂ ಬೇರ್ಪಡಿಸುವುದು ಎರಡನೆಯ ಫಾರ್ಮ್. ಇದರಿಂದ ಇನ್ನೊಂದು ಪ್ರಯೋಜನವೂ ಇದೆ: ಖಾಸಗಿ ಹಕ್ಕುದಾರನಿಲ್ಲದ ಸರ್ಕಾರಿ ಜಮೀನನ್ನೂ ದಾಖಲಿಸಬಹುದು. ಹಿಂದಿನ ಕೋಷ್ಟಕದಲ್ಲಿ ಹಕ್ಕುದಾರನ ಹೆಸರು ಕೀಲಿಯ ಭಾಗವಾಗಿದ್ದುದರಿಂದ ಅದು ಸಾಧ್ಯವಿರಲಿಲ್ಲ.

ಹುಲಿಹೈದರ: ಬದಲಾದ ತಾಲ್ಲೂಕು

ಮೂರನೆಯ ಫಾರ್ಮ್‌ನ ಅಗತ್ಯವನ್ನು ಹುಲಿಹೈದರ ಗ್ರಾಮದ ಆಡಳಿತ ಇತಿಹಾಸ ಚೆನ್ನಾಗಿ ತೋರಿಸುತ್ತದೆ. ಈ ಗ್ರಾಮ ಮೊದಲು ರಾಯಚೂರು ಜಿಲ್ಲೆಯ ಗಂಗಾವತಿ ತಾಲ್ಲೂಕಿನಲ್ಲಿತ್ತು. 1997ರಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ತಾಲ್ಲೂಕುಗಳನ್ನು ಸೇರಿಸಿ ಕೊಪ್ಪಳ ಜಿಲ್ಲೆಯನ್ನು ರಚಿಸಲಾಯಿತು. 2017–18ರಲ್ಲಿ ರಾಜ್ಯದಲ್ಲಿ ಹೊಸ ತಾಲ್ಲೂಕುಗಳಾದಾಗ ಗಂಗಾವತಿಯಿಂದ ಕನಕಗಿರಿ ಮತ್ತು ಕಾರಟಗಿ, ಯಲಬುರ್ಗಾದಿಂದ ಕುಕನೂರು ಬೇರೆಯಾದವು. ಹುಲಿಹೈದರ ಕನಕಗಿರಿಗೆ ಸೇರಿತು. ಊರಿನ ಒಂದು ಗುಂಟೆ ನೆಲವೂ ಕದಲಲಿಲ್ಲ, ವಿಳಾಸ ಮಾತ್ರ ಎರಡು ಸಲ ಬದಲಾಯಿತು.

ಪ್ರತಿ ಪಹಣಿ ಸಾಲಿನಲ್ಲಿಯೂ ತಾಲ್ಲೂಕಿನ ಹೆಸರಿದ್ದರೆ, ಆ ಗ್ರಾಮದ ಎಲ್ಲ ಸಾಲುಗಳನ್ನೂ ತಿದ್ದಬೇಕಾಗುತ್ತದೆ. ಅರ್ಧ ತಿದ್ದಿ ನಿಂತರೆ ಒಂದೇ ಊರು ಏಕಕಾಲದಲ್ಲಿ ಎರಡು ತಾಲ್ಲೂಕುಗಳಲ್ಲಿದೆ ಎಂದಾಗುತ್ತದೆ. ‘ಗಂಗಾವತಿ’ ಎಂದು ಹುಡುಕಿದವರಿಗೆ ಕೆಲವು ಜಮೀನುಗಳು, ‘ಕನಕಗಿರಿ’ ಎಂದು ಹುಡುಕಿದವರಿಗೆ ಉಳಿದವು ಸಿಗುತ್ತವೆ. ಇದನ್ನು ಪರಿಷ್ಕರಣ ದೋಷ ಎನ್ನಬಹುದು. ಇದರ ಮೂಲವೆಂದರೆ ತಾಲ್ಲೂಕು ಸರ್ವೆ ನಂಬರಿನ ಗುಣವಲ್ಲ, ಗ್ರಾಮದ ಗುಣ ಎಂಬುದು. ಸರ್ವೆ ನಂಬರಿನ ಸಾಲು ಗ್ರಾಮವನ್ನು ತಿಳಿಸುತ್ತದೆ, ಗ್ರಾಮ ಹೋಬಳಿಯನ್ನು, ಹೋಬಳಿ ತಾಲ್ಲೂಕನ್ನು, ತಾಲ್ಲೂಕು ಜಿಲ್ಲೆಯನ್ನು. ಈ ಸರಪಳಿಯ ಪ್ರತಿ ಕೊಂಡಿಗೂ ಒಂದು ಕೋಷ್ಟಕ ಮಾಡಿ, ಹೆಸರಿನ ಬದಲು ಸಂಕೇತ ಸಂಖ್ಯೆಯಿಂದ ಜೋಡಿಸಿದರೆ, ಒಂದು ಹೋಬಳಿ ಇಡಿಯಾಗಿ ಬೇರೆ ತಾಲ್ಲೂಕಿಗೆ ಹೋದಾಗ ತಿದ್ದಬೇಕಾದುದು ಒಂದೇ ಸಾಲು. 2014ರ ನವೆಂಬರ್ 1ರಂದು ಗುಲ್ಬರ್ಗಾ ‘ಕಲಬುರಗಿ’ ಆದಂತಹ ಹೆಸರಿನ ಬದಲಾವಣೆಗೂ ಇದೇ ಉಪಾಯ ಸಾಕು.

ಆದರೆ ಇಲ್ಲೊಂದು ಅಪಾಯವಿದೆ, ಪಠ್ಯಪುಸ್ತಕಗಳು ಇದನ್ನು ಹೆಚ್ಚಾಗಿ ಗಮನಿಸುವುದಿಲ್ಲ. ಹಳೆಯ ಸಾಲನ್ನು ಅಳಿಸಿ ಬರೆದರೆ, 1995ರ ದಾಖಲೆಯ ನಕಲನ್ನು ಇಂದು ಮುದ್ರಿಸುವಾಗ ಅದರಲ್ಲಿಯೂ ‘ಕೊಪ್ಪಳ ಜಿಲ್ಲೆ, ಕನಕಗಿರಿ ತಾಲ್ಲೂಕು’ ಎಂದು ಬರುತ್ತದೆ. ಆಗ ಅಂತಹ ಜಿಲ್ಲೆಯೂ ಇರಲಿಲ್ಲ, ತಾಲ್ಲೂಕೂ ಇರಲಿಲ್ಲ. ಹಳೆಯ ಕ್ರಯಪತ್ರದೊಂದಿಗೆ ಹೋಲಿಸುವವರಿಗೆ ಈ ವ್ಯತ್ಯಾಸ ಗೊಂದಲ ತರುತ್ತದೆ. ಆದುದರಿಂದ ಹೋಬಳಿ–ತಾಲ್ಲೂಕು ಸಂಬಂಧವನ್ನು ‘ಯಾವಾಗಿನಿಂದ, ಯಾವಾಗಿನವರೆಗೆ’ ಎಂಬ ದಿನಾಂಕಗಳೊಡನೆ ಇಡುವುದು ಸುರಕ್ಷಿತ.

ತಪ್ಪಾದ ವಿಭಜನೆ

ಒಡೆದ ತುಂಡುಗಳನ್ನು ಮತ್ತೆ ಜೋಡಿಸಿದಾಗ ಮೂಲ ಕೋಷ್ಟಕವೇ ದೊರೆಯಬೇಕು. ಹಾಗೆ ದೊರೆತರೆ ಅದು ನಷ್ಟರಹಿತ ವಿಭಜನೆ. ಹುಲಿಹೈದರದ ಸರ್ವೆ ನಂಬರು 45 ‘ಅ’ ಎಂಬವರದು, 46 ‘ಬ’ ಎಂಬವರದು ಎಂದಿಟ್ಟುಕೊಳ್ಳೋಣ. ಈ ಎರಡು ಸಾಲುಗಳನ್ನು ‘ಗ್ರಾಮ–ಸರ್ವೆ ನಂಬರು’ ಮತ್ತು ‘ಗ್ರಾಮ–ಹಕ್ಕುದಾರ’ ಎಂದು ಒಡೆದರೆ ಎರಡರಲ್ಲಿಯೂ ಸಮಾನವಾಗಿ ಉಳಿಯುವುದು ಗ್ರಾಮದ ಹೆಸರು ಮಾತ್ರ. ಜೋಡಿಸಿದಾಗ ನಾಲ್ಕು ಸಾಲುಗಳು ಬರುತ್ತವೆ: ‘ಅ’ಗೆ 45 ಮತ್ತು 46, ‘ಬ’ಗೂ 45 ಮತ್ತು 46. ಇಡೀ ಊರಿನ ದಾಖಲೆಗೆ ಹೀಗೆ ಮಾಡಿದರೆ ಎಲ್ಲರೂ ಎಲ್ಲ ಹೊಲಗಳಿಗೂ ಒಡೆಯರಾಗುತ್ತಾರೆ. ಸಾಲುಗಳು ಹೆಚ್ಚಿದರೂ ಇದನ್ನು ‘ನಷ್ಟ’ ಎನ್ನಲು ಕಾರಣವೆಂದರೆ ಯಾವ ಸಾಲು ನಿಜ ಎಂಬ ತಿಳಿವಳಿಕೆ ಕಳೆದುಹೋಗಿರುವುದು.

ಇದನ್ನು ತಡೆಯುವ ನಿಯಮವನ್ನು 1971ರಲ್ಲಿ ಐ. ಜೆ. ಹೀತ್ ಸಾಧಿಸಿ ತೋರಿಸಿದರು. ಎರಡು ತುಂಡುಗಳಿಗೆ ಸಮಾನವಾದ ಕಾಲಂ ಅವುಗಳಲ್ಲಿ ಒಂದಕ್ಕಾದರೂ ಕೀಲಿಯಾಗಿದ್ದರೆ ವಿಭಜನೆ ನಷ್ಟರಹಿತ. ಮೇಲಿನ ಉದಾಹರಣೆಯಲ್ಲಿ ಗ್ರಾಮ ಯಾವ ತುಂಡಿಗೂ ಕೀಲಿಯಲ್ಲ.

ಪರಸ್ಪರ ಸಂಬಂಧವಿಲ್ಲದ ಪಟ್ಟಿಗಳು

ಒಂದು ಹೊಲಕ್ಕೆ ಮೂವರು ಜಂಟಿ ಹಕ್ಕುದಾರರಿದ್ದು, ಆ ವರ್ಷ ಸಜ್ಜೆ ಮತ್ತು ತೊಗರಿ ಬೆಳೆದಿದ್ದರೆ, ಎರಡನ್ನೂ ಒಂದೇ ಕೋಷ್ಟಕದಲ್ಲಿಡಲು ಆರು ಸಾಲುಗಳು ಬೇಕು. ಹಕ್ಕಿಗೂ ಬೆಳೆಗೂ ನೇರ ಸಂಬಂಧವಿಲ್ಲ, ಎರಡೂ ಹೊಲಕ್ಕೆ ಸೇರಿದವು ಅಷ್ಟೆ. ಬೇರ್ಪಡಿಸಿದರೆ ಮೂರು ಮತ್ತು ಎರಡು, ಒಟ್ಟು ಐದೇ ಸಾಲು. ಇನ್ನೊಂದು ಬೆಳೆ ಸೇರಿದರೆ ಮೂರರ ಬದಲು ಒಂದೇ ಹೊಸ ಸಾಲು. ಇದು ನಾಲ್ಕನೆಯ ಫಾರ್ಮ್. ಯಾರು ಯಾವ ಬೆಳೆ ಬೆಳೆದರು ಎಂಬುದನ್ನೂ ದಾಖಲಿಸಬೇಕಾದರೆ ಮಾತ್ರ ಈ ವಿಭಜನೆ ತಪ್ಪಾಗುತ್ತದೆ. ಒಡೆಯುವ ಮೊದಲು ಕೋಷ್ಟಕದ ಅಂಕಿಅಂಶಗಳನ್ನಲ್ಲ, ಕ್ಷೇತ್ರದ ವಾಸ್ತವವನ್ನು ವಿಚಾರಿಸಬೇಕಾಗುವುದು ಈ ಕಾರಣಕ್ಕೆ.

ಮಿತಿಗಳು

ವಿಭಜನೆ ಹೆಚ್ಚಿದಂತೆ ಒಂದು ಪಹಣಿಯನ್ನು ಮುದ್ರಿಸಲು ಅನೇಕ ಕೋಷ್ಟಕಗಳನ್ನು ಜೋಡಿಸಬೇಕಾಗುತ್ತದೆ. ಓದುವಿಕೆ ಬಹಳವಿದ್ದು ತಿದ್ದುಪಡಿ ಕಡಿಮೆಯಿರುವ ವರದಿಗಳಿಗಾಗಿ ಕೆಲವೊಮ್ಮೆ ಕೋಷ್ಟಕಗಳನ್ನು ಬೇಕೆಂದೇ ಮರಳಿ ಕೂಡಿಸುತ್ತಾರೆ. ಬಾಯ್ಸ್–ಕಾಡ್ ಫಾರ್ಮ್‌ವರೆಗೆ ಒಡೆದಾಗ ಕೆಲವು ನಿಯಮಗಳನ್ನು ಯಾವುದೇ ಒಂದು ಕೋಷ್ಟಕದೊಳಗೆ ಪರೀಕ್ಷಿಸಲು ಆಗದಿರುವುದೂ ಉಂಟು. ಅಂತಹಲ್ಲಿ ಮೂರನೆಯ ಫಾರ್ಮ್‌ನಲ್ಲೇ ನಿಲ್ಲಿಸುವುದು ವಾಡಿಕೆ.

ಪಾರ್ಟಿಶನಿಂಗ್‌ನಿಂದ ಪುನರಾವರ್ತನೆ ಕಡಿಮೆಯಾಗುವುದಿಲ್ಲ. ‘ಭೂಮಿ’ಯ ಆರಂಭದ ವರ್ಷಗಳಲ್ಲಿ ಪ್ರತಿ ತಾಲ್ಲೂಕಿನ ದತ್ತಾಂಶವು ಆಯಾ ತಾಲ್ಲೂಕು ಕಚೇರಿಯ ಸರ್ವರಿನಲ್ಲಿಯೇ ಇರುತ್ತಿತ್ತು. ಸಾಲುಗಳನ್ನು ಹೀಗೆ ತಾಲ್ಲೂಕುವಾರು ಬೇರೆ ಇಟ್ಟಾಗ, ಗ್ರಾಮವೊಂದು ತಾಲ್ಲೂಕು ಬದಲಿಸಿದರೆ ಒಂದು ಸಾಲನ್ನು ತಿದ್ದಿದರೆ ಸಾಲದು. ಆ ಗ್ರಾಮದ ಸಾಲುಗಳನ್ನೆಲ್ಲ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಬೇಕಾಗುತ್ತದೆ.