ಒಲೆ ಆರಿದ ಮೇಲಿನ ಕಾವು

ಸೌದೆ ಒಲೆಯ ಉರಿ ಆರಿಸಿದರೂ ಕೆಂಡದ ಕಾವು ಬೇಗ ಇಳಿಯುವುದಿಲ್ಲವೆಂಬುದು ನಮ್ಮ ತಾಯಂದಿರಿಗೆಲ್ಲ ಗೊತ್ತಿದ್ದ ಸಂಗತಿ. ಪರಮಾಣು ಸ್ಥಾವರದ ಕಥೆಯೂ ಇದೇ. ವಿದಳನ ಕ್ರಿಯೆ ನಿಂತ ಕ್ಷಣದಲ್ಲೂ ಮೊದಲಿನ ಶಾಖದ ಶೇಕಡಾ 6-7ರಷ್ಟು ಉಳಿದೇ ಇರುತ್ತದೆ. ತಣಿಸುವ ನೀರಿನ ಕೊಳವೆ ಒಡೆದರೆ ಇಂಧನವೇ ಕರಗೀತು. ಆಗ ಬೇರೆ ನೀರು ನುಗ್ಗಿಸಲೆಂದೇ ತುರ್ತು ಪಂಪುಗಳ ಏರ್ಪಾಡು.

ಆ ನೀರು ಇಂಧನವನ್ನು ಮುಟ್ಟುವುದೇ? ಮುಟ್ಟುವುದೆಂದೇ ಅಮೆರಿಕದ ಪರಮಾಣು ಶಕ್ತಿ ಆಯೋಗ ನಂಬಿತ್ತು. ಆದರೆ 1970-71ರಲ್ಲಿ ಐಡಾಹೊದ ಆಯೋಗದ ಕೇಂದ್ರದಲ್ಲೇ ಪುಟ್ಟ ಮಾದರಿಯೊಂದರಲ್ಲಿ ಪರೀಕ್ಷಿಸಿದಾಗ, ತುರ್ತು ನೀರು ಹಬೆಯೊಡನೆ ಒಡಕಿನಿಂದಲೇ ಹೊರಗೆ ಹೋಯಿತು! 1971ರ ಜೂನ್‌ನಲ್ಲಿ ಆಯೋಗ ತಾತ್ಕಾಲಿಕ ನಿಯಮಗಳನ್ನು ಹೊರಡಿಸಿತು. ಇಂಧನ ಕವಚದ ಉಷ್ಣತೆ 2300 ಡಿಗ್ರಿ ಫ್ಯಾರನ್‌ಹೀಟ್ ಮೀರದೆಂದು ಕಂಪನಿಗಳು ಗಣಕಯಂತ್ರದ ಲೆಕ್ಕದಿಂದ ತೋರಿಸಿದರೆ ಸಾಕಿತ್ತು.

ಸಾಲದು ಎಂದರು ಭೌತವಿಜ್ಞಾನಿ ಹೆನ್ರಿ ಕೆಂಡಾಲ್ ಮತ್ತು ಅರ್ಥಶಾಸ್ತ್ರ ಓದಿದ ತರುಣ ಡೇನಿಯಲ್ ಫೋರ್ಡ್. 'ಕಳಕಳಿಯ ವಿಜ್ಞಾನಿಗಳ ಒಕ್ಕೂಟ'ದ ಪರವಾಗಿ ಅವರು ಎತ್ತಿದ ಆಕ್ಷೇಪಣೆಗಳಿಂದ 1972ರ ಜನವರಿಯಲ್ಲಿ ಮೇರಿಲೆಂಡಿನಲ್ಲಿ ವಿಚಾರಣೆ ಆರಂಭವಾಯಿತು. ಅದು ಮುಗಿದದ್ದು 1973ರ ಜುಲೈಯಲ್ಲಿ. ದಾಖಲೆ 22,000 ಪುಟಗಳನ್ನು ಮೀರಿತು. (ಕಡತಗಳ ನಡುವೆಯೇ ಕೂದಲು ನರೆಸಿಕೊಂಡ ನನಗೂ ಆ ಸಂಖ್ಯೆ ಕೇಳಿ ಎದೆ ಝಲ್ಲೆಂದಿತು.) ಫೋರ್ಡ್ ಪಾಟೀಸವಾಲಿಗೆ ನಿಂತಾಗ ಹೊರಬಿದ್ದದ್ದೇನು? ಆಯೋಗದ ಸ್ವಂತ ಪ್ರಯೋಗಾಲಯಗಳ ತಜ್ಞರಲ್ಲೇ ಅನೇಕರಿಗೆ ಆ ಲೆಕ್ಕಗಳ ಮೇಲೆ ಭರವಸೆಯಿರಲಿಲ್ಲ. ಮೇಲಿನವರು ಒಪ್ಪಿದ ಟಿಪ್ಪಣಿಗೆ ಕೆಳಗಿನವರು ಭಿನ್ನಮತ ಬರೆಯುವುದು ಎಷ್ಟು ಕಷ್ಟವೆಂದು ನಮ್ಮಂಥ ಗುಮಾಸ್ತರಿಗೆ ಹೇಳಬೇಕಾಗಿಲ್ಲ.

ಡಿಸೆಂಬರಿನಲ್ಲಿ ಬಂದ ಅಂತಿಮ ತೀರ್ಮಾನ ಮಿತಿಯನ್ನು 2200 ಡಿಗ್ರಿಗೆ ಇಳಿಸಿತು. ಲೆಕ್ಕದ ಕ್ರಮವನ್ನೂ ಬಿಗಿಗೊಳಿಸಿತು. ನೂರೇ ಡಿಗ್ರಿಯೇ ಎಂದು ಮೂಗು ಮುರಿಯಬಹುದು, ಆಕ್ಷೇಪಿಸಿದವರಿಗೂ ತೃಪ್ತಿಯಾಗಲಿಲ್ಲ. ಆದರೆ ಪ್ರಯೋಗಾಲಯದೊಳಗಿನ ಪಿಸುಮಾತು ಸಾರ್ವಜನಿಕ ದಾಖಲೆಯಾಯಿತಲ್ಲ, ಅದನ್ನು ನಾನು ದೊಡ್ಡ ಗೆಲುವೆಂದೇ ಎಣಿಸುತ್ತೇನೆ. ಸ್ಥಾವರಗಳನ್ನು ಬೆಳೆಸುವ, ಅವುಗಳನ್ನೇ ಅಂಕೆಯಲ್ಲಿಡುವ ಎರಡು ಕೆಲಸವನ್ನೂ ಹೊತ್ತಿದ್ದ ಆಯೋಗವನ್ನು 1974ರ ಕಾಯಿದೆ ಒಡೆಯಿತು.

ಇಷ್ಟೆಲ್ಲ ವಾದ ನಡೆದದ್ದು ಮುಖ್ಯವಾಗಿ ದೊಡ್ಡ ಕೊಳವೆ ಒಡೆಯುವುದರ ಬಗ್ಗೆ. 1979ರ ಮಾರ್ಚ್ 28ರ ನಸುಕಿನಲ್ಲಿ ಪೆನ್ಸಿಲ್ವೇನಿಯಾದ ಥ್ರೀ ಮೈಲ್ ಐಲೆಂಡಿನಲ್ಲಿ ಕೈಕೊಟ್ಟದ್ದು ಮುಚ್ಚಿಕೊಳ್ಳದೆ ಉಳಿದ ಒಂದು ಕವಾಟ. ತುರ್ತು ಪಂಪುಗಳು ತಾವಾಗಿ ಚಾಲೂ ಆದವು. ಮಾಪಕ ನೋಡಿ ನೀರು ಹೆಚ್ಚಾಯಿತೆಂದು ಭ್ರಮಿಸಿದ ಸಿಬ್ಬಂದಿ ತಾವೇ ಅದರ ಹರಿವನ್ನು ತಗ್ಗಿಸಿದರು. ಸುಮಾರು ಅರ್ಧದಷ್ಟು ಇಂಧನ ಕರಗಿತ್ತೆಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಒಳಗೆ ಕ್ಯಾಮೆರಾ ಇಳಿಸಿ ನೋಡಿದಾಗ.